ಹೊತ್ತಲ್ಲದ ಹೊತ್ತಿನ ಬಿಕ್ಕಳಿಕೆ

ನಮ್ಮೂರಿನಲ್ಲಿ ಮಧ್ಯಾಹ್ನ ಊಟಕ್ಕೆ ಕೂರುವ ಮೊದಲು ಎಲ್ಲರೂ ಒಮ್ಮೆ ಬಿಕ್ಕಳಿಸುತ್ತಾರೆ. ಬಿಕ್ಕಳಿಸಿ ನನ್ನ ಹೆಸರು ಹೇಳುತ್ತಾರೆ. ಹೇಳಿದ ಕೂಡಲೇ ಬಿಕ್ಕಳಿಕೆ ನಿಲ್ಲುತ್ತದೆ, ಮುದ್ದೆ ಮುರಿಯುವುದಕ್ಕೆ ಶುರುಮಾಡುತ್ತಾರೆ. ದಿನಕ್ಕೊಮ್ಮೆ ಇಡೀ ಊರಿನ ಬಾಯಲ್ಲಿ ಹೆಸರು ಹೇಳಿಸಿಕೊಳ್ಳುವ ಭಾಗ್ಯ ನಮ್ಮೂರ ದೇವರಿಗೂ ಇಲ್ಲ. ದೇವರಾದರೆ ಒಂದೊಂದು ಮನೆಗೆ ಒಂದೊಂದು, ಪಿಳ್ಳಪ್ಪ ಮಾತ್ರ ಎಲ್ಲರಿಗೂ ಒಬ್ಬನೇ. ಇಷ್ಟಾದರೂ ನನ್ನಷ್ಟು ಒಂಟಿಯಾದ ಮನುಷ್ಯ ಈ ಊರಿನಲ್ಲಿ ಇನ್ನೊಬ್ಬನಿದ್ದಾನೆ ಅಂತ ನನಗೆ ಅನ್ನಿಸುವುದಿಲ್ಲ.

ಊರಿನ ಪ್ರತಿಯೊಬ್ಬರಿಗೂ ಪುರಸಭೆಯ ಸರ್ವರಿನಲ್ಲಿ ಒಂದು ವೆಬ್ ಪುಟ ಇದೆ. ಒಂದು ಫೋಟೋ, ಹೆಸರು, ಬೀದಿ, ಮಾಡುವ ಕಸುಬು, ಇಷ್ಟೇ. ಯಾರಾದರೂ ಆ ಪುಟ ತೆರೆದರೆ ಪುಟದವರಿಗೆ ಬಿಕ್ಕಳಿಕೆ ಬರುತ್ತದೆ. ತೆರೆದವರು ಯಾರೆಂದು ಊಹಿಸಿ, ಬಿಕ್ಕಳಿಸುವವರೇ ಸರಿಯಾದ ಹೆಸರು ಹೇಳಿದರೆ ನಿಲ್ಲುತ್ತದೆ. ಇದನ್ನು ಕೇಳಿ ಬೇರೆ ಊರಿನವರು ನಗುತ್ತಾರಂತೆ. ಅವರೂ ಬಿಕ್ಕಳಿಕೆ ಬಂದಾಗ ಯಾರೋ ನೆನೆಸಿಕೊಂಡರು ಅನ್ನುವವರೇ, ಅವರೂ ಹೆಸರು ಹೇಳಿ ನೋಡುವವರೇ. ಆದ್ದರಿಂದ ಅವರ ನಗುವಿಗೆ ನಾವು ಹೆಚ್ಚು ಬೆಲೆ ಕೊಡುವುದಿಲ್ಲ.

ಪುಟಗಳೆಲ್ಲ ನೆಟ್ಟಗಿವೆಯೇ ಅಂತ ದಿನಾ ನೋಡಿ, ನಕಲು ತೆಗೆದಿಡಬೇಕು. ಅದು ನನ್ನ ಕೆಲಸ. ಒಂದೊಂದನ್ನೇ ಕೈಯಲ್ಲಿ ತೆರೆಯುತ್ತ ಕೂತರೆ ಮಳೆಗಾಲ ಹೋಗಿ ಚಳಿಗಾಲ ಬಂದೀತು, ಅದಕ್ಕೆ ಒಂದು ಸ್ಕ್ರಿಪ್ಟ್ ಬರೆದಿಟ್ಟಿದ್ದೇನೆ. ಮಧ್ಯಾಹ್ನವಾದ ಕೂಡಲೇ ಕಪ್ಪು ಪರದೆಯ ಮೇಲೆ ಒಂದು ಪದ ಟೈಪು ಮಾಡಿ ಎಂಟರ್ ಒತ್ತುತ್ತೇನೆ. ಸ್ಕ್ರಿಪ್ಟ್ ಬೀದಿಬೀದಿಯ ವಿಳಾಸಗಳನ್ನು ಸಾಲಾಗಿ ಓದಿಕೊಂಡು, ಒಂದೊಂದೇ ಪುಟವನ್ನು ಕೇಳಿ ತಂದು, ಒಳಗಿಟ್ಟು, ಮುಂದಿನ ಮನೆಗೆ ಹೋಗುತ್ತದೆ. ಅದು ಹೋದ ಮನೆಯಲ್ಲಿ ಬಿಕ್ಕಳಿಕೆ. ಎಂಟರ್ ಒತ್ತಿದವನು ನಾನಾದ್ದರಿಂದ ಬಿಕ್ಕಳಿಕೆ ನಿಲ್ಲುವುದು ನನ್ನ ಹೆಸರಿಗೆ.

ಮೊದಮೊದಲು ಸ್ಕ್ರಿಪ್ಟಿನಲ್ಲಿ ಬಿಡುವು ಬರೆದಿರಲಿಲ್ಲ. ಅದು ಒಂದೇ ಉಸಿರಿಗೆ ಎಲ್ಲರ ಬಾಗಿಲನ್ನೂ ತಟ್ಟಿತು. ಮದುವೆ ಮಂಟಪದಲ್ಲಿ ಪುರೋಹಿತರು, ಮದುಮಗ, ನಾಗಸ್ವರದವನು ಮೂವರೂ ಒಟ್ಟಿಗೆ ಬಿಕ್ಕಳಿಸಿದರು. ಕ್ಷೌರದಂಗಡಿಯಲ್ಲಿ ಒಬ್ಬರ ಅರ್ಧ ಮೀಸೆ ಹೋಯಿತು. ಆಮೇಲೆ ಮನೆಗೂ ಮನೆಗೂ ನಡುವೆ ಒಂದು ಉಸಿರಿನಷ್ಟು ಬಿಡುವು ಕೊಟ್ಟೆ. ಈಗ ಬಿಕ್ಕಳಿಕೆ ಸೊಪ್ಪಿನವಳ ಹಾಗೆ ಒಂದು ತುದಿಯಿಂದ ಬೀದಿಗೆ ಬರುತ್ತದೆ. ಪಕ್ಕದ ಮನೆಯಲ್ಲಿ 'ಪಿಳ್ಳಪ್ಪ' ಅಂತ ಕೇಳಿದರೆ ಈ ಮನೆಯವರು ಒಲೆಯಿಂದ ಪಾತ್ರೆ ಇಳಿಸುತ್ತಾರೆ, ಕ್ಷೌರದವನು ಕತ್ತಿ ಮಡಚುತ್ತಾನೆ, ಮಗುವಿಗೆ ಹಾಲು ಕುಡಿಸುವವರು ಮಗುವನ್ನು ಹೆಗಲಿಗೆ ಹಾಕಿಕೊಳ್ಳುತ್ತಾರೆ.

ಒಂದು ಸಲ ನನಗೆ ಕಾಮಾಲೆಯಾಗಿ ಮಲಗಿದ್ದಾಗ ಗುಮಾಸ್ತ ಸುಬ್ಬಯ್ಯ ಎಂಟರ್ ಒತ್ತಿದ್ದ. ಊರೆಲ್ಲ ಪಿಳ್ಳಪ್ಪ ಪಿಳ್ಳಪ್ಪ ಅಂತ ಕೂಗಿದರೂ ಬಿಕ್ಕಳಿಕೆ ನಿಲ್ಲಲಿಲ್ಲವಂತೆ. ಅನ್ನ ಆರಿ ತಣ್ಣಗಾದ ಮೇಲೆ ಯಾರೋ ಹೋಗಿ ವಿಚಾರಿಸಿಕೊಂಡು ಬಂದು ಹೊಸ ಹೆಸರು ಹೇಳಿಕೊಟ್ಟರು. ನಾನು ಎದ್ದು ಕೆಲಸಕ್ಕೆ ಬಂದಾಗ ಎಲ್ಲರಿಗೂ ಸಂತೋಷ. "ಬಂದ್ರಲ್ಲ ಸದ್ಯ, ಬಾಯಿಗೆ ನಿಮ್ಮ ಹೆಸರೇ ರೂಢಿ ನೋಡಿ" ಅಂದರು. ಕಾಮಾಲೆ ಹೇಗಿದೆ ಅಂತ ಕೇಳಿದವರು ಯಾರೂ ಇಲ್ಲ.

ಸ್ಕ್ರಿಪ್ಟಿನಿಂದ ಬರುವುದು ಲೆಕ್ಕಕ್ಕಿಲ್ಲದ ಬಿಕ್ಕಳಿಕೆ, ಸರ್ಕಾರಿ ಬಿಕ್ಕಳಿಕೆ ಅನ್ನುತ್ತಾರೆ. ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತದಲ್ಲ, ಅದು ಬಿಕ್ಕಳಿಕೆ. ಅಂಥದ್ದು ಬಂದರೆ ಜನ ಬೀದಿಗೆ ಬಂದು ನಿಂತು ನಾಲ್ಕು ಜನಕ್ಕೆ ಕೇಳುವ ಹಾಗೆ ಬಿಕ್ಕಳಿಸುತ್ತಾರೆ. ನನಗೆ ಒಮ್ಮೆಯೂ ಬಂದಿಲ್ಲ. ನನ್ನ ಪುಟವೂ ಸ್ಕ್ರಿಪ್ಟಿನ ಸಾಲಿನಲ್ಲಿದೆ. ಅದರ ಸರದಿ ಬಂದಾಗ ನಾನೂ ಬಿಕ್ಕಳಿಸುತ್ತೇನೆ, ನನ್ನ ಹೆಸರನ್ನು ನಾನೇ ಹೇಳಿಕೊಳ್ಳುತ್ತೇನೆ, ನಿಲ್ಲುತ್ತದೆ. ಬಾಯಿ ಬಿಟ್ಟು ಹೇಳುತ್ತೇನೆ, ನಾಚಿಕೆಯೇನಿಲ್ಲ: ಒಂದೇ ಒಂದು ಸಲ ಯಾರಾದರೂ ನನ್ನನ್ನು ಕೆಲಸವಿಲ್ಲದೆ ನೆನೆಸಿಕೊಳ್ಳಬೇಕು ಅಂತ ನನಗೆ ಆಸೆ. ಯಾರಾದರೂ ಅಂದೆ. ಅದೂ ಪೂರ್ತಿ ನಿಜವಲ್ಲ. ಕಚೇರಿಯ ಎದುರಿಗೆ ರಾಗಿ ಮಿಲ್ಲು ನಡೆಸುವ ಮುನಿರತ್ನಮ್ಮ ನೆನೆಸಿಕೊಳ್ಳಬೇಕು ಅಂತ ಆಸೆ.

ಮುನಿರತ್ನಮ್ಮನ ಗಂಡ ಕೋನಪ್ಪ ರೇಡಿಯೋ, ಟೀವಿ, ಆಮೇಲಾಮೇಲೆ ಕಂಪ್ಯೂಟರು ರಿಪೇರಿ ಮಾಡುತ್ತಿದ್ದವನು. ಬಿಡಿಭಾಗ ತರುತ್ತೇನೆಂದು ಬಸ್ಸು ಹತ್ತಿದವನು ವಾಪಸು ಬರಲಿಲ್ಲ. ಇದ್ದಾನೋ ಇಲ್ಲವೋ ಅನ್ನುವುದೂ ತಿಳಿಯದೆ ಆಕೆ ಮಿಲ್ಲು ಹಾಕಿಕೊಂಡು ತಲೆ ಎತ್ತಿ ಬದುಕಿದಳು. ನನ್ನ ಮೇಜಿನ ಮುಂದಿನ ಕಿಟಕಿಯಿಂದ ಮಿಲ್ಲಿನ ಬಾಗಿಲು ಕಾಣುತ್ತದೆ. ನಮ್ಮ ನಡುವೆ ಇದ್ದ ಮಾತು, "ರಾಗಿ ಒಣಗಿದೆಯಾ ಪಿಳ್ಳಪ್ಪನೋರೆ?" "ಒಣಗಿದೆ ಮುನಿರತ್ನಮ್ಮನೋರೆ." ಒಂಟಿ ಮನುಷ್ಯನಿಗೆ ಎಷ್ಟು ರಾಗಿ ಬೇಕು? ನಾನು ಮಾತ್ರ ಸಂಸಾರಸ್ಥರಿಗಿಂತ ಹೆಚ್ಚು ಹಿಟ್ಟು ಮಾಡಿಸುತ್ತಿದ್ದೆ.

ಒಂದು ಬೆಳಿಗ್ಗೆ, ಮಧ್ಯಾಹ್ನಕ್ಕೆ ಇನ್ನೂ ಬಹಳ ಹೊತ್ತಿರುವಾಗ, ಮುನಿರತ್ನಮ್ಮನಿಗೆ ಬಿಕ್ಕಳಿಕೆ ಬಂತು. ಮಿಲ್ಲಿನಲ್ಲಿ ಹಿಟ್ಟಿಗೆ ಕೂತಿದ್ದ ಹೆಂಗಸರಿಗೆ ಹಬ್ಬ. ಪಕ್ಕದ ಮನೆಯ ಅಂಜಿನಮ್ಮನಂತೂ ಡಬ್ಬ ಬಡಿದು ಕುಣಿದಳು. "ನಿಮ್ಮಕ್ಕ ಇರ್ಬೇಕು ಕಣೇ, ಹೇಳು ಹೇಳು." ಮುನಿರತ್ನಮ್ಮ ಅಕ್ಕನ ಹೆಸರು ಹೇಳಿದಳು, ನಿಲ್ಲಲಿಲ್ಲ. ಚಿಕ್ಕಮ್ಮನ ಮಕ್ಕಳು, ಮೋಟರು ರಿಪೇರಿಯವನು, ಜೊತೆಯಲ್ಲಿ ಓದಿದವರು, ಎಲ್ಲರನ್ನೂ ಹೇಳಿ ಮುಗಿಸಿದಳು. ಸಂಜೆಗೆ ನಗು ನಿಂತಿತು, ಬಿಕ್ಕಳಿಕೆ ನಿಲ್ಲಲಿಲ್ಲ.

ಮಾರನೆಯ ದಿನವೂ ಅದೇ. ನೀರು ಕುಡಿಯಲಾರಳು, ಕುಡಿದರೆ ಮೂಗಿಗೆ ಬರುತ್ತದೆ. ಒಂದು ತುತ್ತು ನುಂಗಲಾರಳು. ಡಾಕ್ಟರು ಸಕ್ಕರೆ ತಿನ್ನಿಸಿ, ಇಂಜೆಕ್ಷನ್ ಕೊಟ್ಟು, ಕೊನೆಗೆ "ಇನ್ನೂ ಸ್ವಲ್ಪ ದಿನ ಹೀಗೇ ಆದ್ರೆ ಎದೆ ತಡ್ಕೊಳ್ಳಲ್ಲಮ್ಮ, ಹೆಸರು ಹುಡುಕಿ" ಅಂದರು. ಹುಡುಕುವುದೇನಿದೆ, ಊರಿಗೆಲ್ಲ ಗೊತ್ತಿತ್ತು. ಒಂದು ಹೆಸರು ಬಿಟ್ಟು ಎಲ್ಲರ ಹೆಸರನ್ನೂ ಆಕೆ ಹೇಳಿಯಾಗಿತ್ತು.

"ಹೇಳೇ, ಹೇಳ್ಬಿಡೇ" ಅಂತ ಅಂಜಿನಮ್ಮ ಕೈ ಹಿಡಿದುಕೊಂಡು ಬೇಡಿದಳು.

"ಗಂಡನ ಹೆಸರು ಹೇಳ್ಬಾರ್ದು" ಅಂದಳು ಮುನಿರತ್ನಮ್ಮ.

"ಆಹಾ, ಇಷ್ಟು ವರ್ಷ ಅವನ ವಂಶಾನೆಲ್ಲ ಬೈದಿದೀಯ, ಈಗ ಬಂತಾ ಶಾಸ್ತ್ರ?"

ಆಕೆ ಕೈ ಬಿಡಿಸಿಕೊಂಡು ಗೋಡೆಯ ಕಡೆ ತಿರುಗಿದಳು.

ನಾನು ಸರ್ವರಿನ ಲಾಗ್ ತೆಗೆದು ನೋಡಿದೆ. ಯಾರು ಯಾವ ಪುಟ ಕೇಳಿದರು ಅನ್ನುವುದು ಅದರಲ್ಲಿ ಬೀಳುತ್ತದೆ, ಆದರೆ ಬರಿಯ ನಂಬರು, ಹೆಸರು ಇರುವುದಿಲ್ಲ. ಯಾವುದೋ ದೂರದ ನಂಬರು ಮುನಿರತ್ನಮ್ಮನ ಪುಟವನ್ನು ಕೇಳುತ್ತಿತ್ತು, ತೆಗೆದುಕೊಂಡು ಹೋಗುತ್ತಿತ್ತು, ಒಂದಿಷ್ಟು ಬಿಟ್ಟು ಮತ್ತೆ ಬಂದು ಕೇಳುತ್ತಿತ್ತು. ನಡುವಿನ ಬಿಡುವು ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಮನುಷ್ಯನ ಕೈ ಹಾಗೆ ಕೆಲಸ ಮಾಡುವುದಿಲ್ಲ. ಇದು ಸ್ಕ್ರಿಪ್ಟು, ನನ್ನದರ ಹಾಗೆಯೇ. ಬರೆದವನು ಮತ್ತೆ ಮತ್ತೆ ತಾ ಅಂತ ಬರೆದಿದ್ದಾನೆ, ಎಲ್ಲಿ ನಿಲ್ಲಬೇಕು ಅನ್ನುವುದನ್ನು ಬರೆದಿಲ್ಲ.

ರಸ್ತೆ ದಾಟಿ ಹೋದೆ. ಮಿಲ್ಲು ನಿಂತಿತ್ತು. ಆಕೆ ಖಾಲಿ ಚೀಲಗಳಿಗೆ ಒರಗಿ ಕೂತಿದ್ದಳು. ಕಣ್ಣಿನ ಸುತ್ತ ಕಪ್ಪಾಗಿತ್ತು.

"ಮುನಿರತ್ನಮ್ಮನೋರೆ, ಇದು ಯಾರೂ ಕೈಯಲ್ಲಿ ತೆಗೀತಿರೋದಲ್ಲ. ಯಾರೋ ಸ್ಕ್ರಿಪ್ಟ್ ಬರ್ದು ಬಿಟ್ಟಿದಾರೆ. ಅದು ನಿಮ್ಮ ಪುಟಾನೇ ತರ್ತಾ ಇದೆ, ತರ್ತಾ ಇದೆ."

"ಯಾರೋ ಅಂದ್ರೆ?"

"ದೂರದ ನಂಬರು. ಹೆಸರು ಕಾಣಲ್ಲ. ನೀವು ಹೂಂ ಅಂದ್ರೆ ಆ ನಂಬರಿಗೆ ಬಾಗಿಲು ಹಾಕ್ಬಿಡ್ತೀನಿ. ಒಂದು ಸಾಲು ಬರೆದ್ರೆ ಆಯ್ತು, ಬಿಕ್ಕಳಿಕೆ ನಿಲ್ಲುತ್ತೆ."

"ಬೇಡ" ಅಂದಳು. ಅಷ್ಟು ನಿತ್ರಾಣದಲ್ಲೂ ಆ ಮಾತು ಗಟ್ಟಿಯಾಗಿತ್ತು.

"ಹಾಗಾದ್ರೆ ಆ ಹೆಸರು ಹೇಳಿ."

ಆಕೆ ಒರಗಿದ್ದ ಚೀಲದ ದಾರ ಎಳೆಯುತ್ತ ಕೂತಳು. ಮಧ್ಯೆ ಮಧ್ಯೆ ಮೈಯೆಲ್ಲ ಕುಲುಕುತ್ತಿತ್ತು. "ಹೇಳಿದ್ಮೇಲೂ ನಿಲ್ದೇ ಹೋದ್ರೆ?" ಅಂದಳು. "ಹೇಳೋವರೆಗೂ ಅವ್ರೇ ಅಂದ್ಕೊಂಡಿರ್ಬೋದು. ಎಲ್ಲೋ ಇದಾರೆ, ನೆನೆಸ್ಕೊತಿದಾರೆ ಅಂದ್ಕೊಂಡಿರ್ಬೋದು. ಹೇಳಿ, ನಿಲ್ಲಲಿಲ್ಲ ಅಂದ್ರೆ ನನಗೆ ಅದೂ ಇಲ್ಲ ಪಿಳ್ಳಪ್ಪನೋರೆ."

ನನಗೆ ಕೋನಪ್ಪನ ಮೇಲೆ ಹೊಟ್ಟೆಕಿಚ್ಚಾಯಿತು. ಬಿಟ್ಟು ಓಡಿಹೋದವನಿಗೆ ಇಂಥ ಯೋಗ, ಎದುರಿಗೇ ಇರುವವನಿಗೆ ರಾಗಿ ಒಣಗಿದೆಯಾ ಅನ್ನುವ ಮಾತು. ಆದರೆ ಹೊಟ್ಟೆಕಿಚ್ಚಿಗಿಂತ ಭಯ ದೊಡ್ಡದಾಗಿತ್ತು. ಆಕೆ ಉಳಿಯಬೇಕು. ರಸ್ತೆಯ ಆ ಕಡೆ ಆ ಬಾಗಿಲು ದಿನಾ ತೆರೆಯಬೇಕು. ಅದು ತೆರೆಯದ ಮೇಲೆ ನಾನು ಈ ಕಿಟಕಿಯಲ್ಲಿ ಕೂತು ಯಾವ ಸುಖಕ್ಕೆ ಎಂಟರ್ ಒತ್ತಲಿ?

ಹಾಸಿಗೆಯಲ್ಲಿ ಹೊರಳಾಡುತ್ತ ಒಂದು ಉಪಾಯ ಮಾಡಿದೆ. ಬೆಳಿಗ್ಗೆ ಹೋಗಿ ಹೇಳಿದೆ. "ನೋಡಿ, ಹೆಸರು ಹೇಳಿ ಸಾಕು. ನಿಲ್ಲುತ್ತೆ. ನಾನು ಇಷ್ಟು ವರ್ಷ ಇದೇ ಕೆಲಸ ಮಾಡಿದೀನಿ, ಆ ಸ್ಕ್ರಿಪ್ಟ್ ನೋಡಿದ್ರೇ ಗೊತ್ತಾಗುತ್ತೆ, ಅದು ಕೋನಪ್ಪನೋರ ಕೈಚಳಕವೇ." ನನಗೆ ಅಂಥದ್ದೇನೂ ಗೊತ್ತಿರಲಿಲ್ಲ. "ಬಾಗಿಲಿಗೆ ಬಂದು ನಿಂತ್ಕೊಂಡು ಹೇಳಿ. ನಾನು ಕಿಟಕೀಲಿ ಲಾಗ್ ನೋಡ್ತಿರ್ತೀನಿ." ನನ್ನ ಉಪಾಯ ಇಷ್ಟೇ: ಆ ನಂಬರಿಗೆ ಬಾಗಿಲು ಹಾಕುವ ಸಾಲನ್ನು ಮೊದಲೇ ಬರೆದಿಟ್ಟುಕೊಂಡಿರುತ್ತೇನೆ. ಆಕೆ ಹೆಸರು ಹೇಳಿದ ಕ್ಷಣಕ್ಕೆ ಸರಿಯಾಗಿ ಎಂಟರ್ ಒತ್ತುತ್ತೇನೆ. ಬಿಕ್ಕಳಿಕೆ ನಿಲ್ಲುತ್ತದೆ. ಗಂಡ ಇದ್ದಾನೆ ಅಂದುಕೊಂಡು ಆಕೆ ಊಟ ಮಾಡುತ್ತಾಳೆ. ಸುಳ್ಳು ನನ್ನೊಬ್ಬನ ಹೊಟ್ಟೆಯಲ್ಲಿರುತ್ತದೆ, ಅಲ್ಲಿ ಬೇಕಾದಷ್ಟು ಜಾಗವಿದೆ.

ಆಕೆ ಒಪ್ಪಿದಳು. ಅಂಜಿನಮ್ಮನ ಹೆಗಲು ಹಿಡಿದು ಬಾಗಿಲಿಗೆ ಬಂದಳು. ನಾನು ಸಾಲು ಬರೆದು, ಬೆರಳನ್ನು ಎಂಟರಿನ ಮೇಲಿಟ್ಟುಕೊಂಡು ಆಕೆಯ ತುಟಿಯನ್ನೇ ನೋಡುತ್ತ ಕೂತೆ. ಆಕೆ ಕಣ್ಣು ಮುಚ್ಚಿದಳು. ಸೆರಗನ್ನು ಮುಷ್ಟಿಯಲ್ಲಿ ಹಿಡಿದಳು. ಕೋನಪ್ಪ ಅಂದಳು.

ನಾನು ಒತ್ತಲಿಲ್ಲ. ಒತ್ತುವುದಕ್ಕೆ ಮುಂಚೆಯೇ ಆಕೆಯ ಮೈ ನಿಂತಿತ್ತು. ಪರದೆಯಲ್ಲಿ ಆ ನಂಬರು ಮತ್ತೆ ಬಂದು ಪುಟ ಕೇಳಿತು, ಇನ್ನೊಮ್ಮೆ ಬಂದು ಕೇಳಿತು. ಆಕೆ ಮಾತ್ರ ಬಿಕ್ಕಳಿಸದೆ ನಿಂತಿದ್ದಳು. ಅಂದರೆ ಅವನೇ. ಹೆಸರಿಗೇ ನಿಂತದ್ದು. ಒಂದು ಎಂಟರಿಗೆ ಒಂದು ಸಲ ಹೆಸರು ಹೇಳಿದರೆ ಸಾಕು, ಆಮೇಲೆ ಆ ಸ್ಕ್ರಿಪ್ಟ್ ಎಷ್ಟು ಸಲ ಬಂದರೂ ಬಿಕ್ಕಳಿಕೆಯಿಲ್ಲ. ನಾನು ಬರೆದಿಟ್ಟುಕೊಂಡಿದ್ದ ಸಾಲನ್ನು ಕೊನೆಯಿಂದ ಒಂದೊಂದೇ ಅಕ್ಷರ ಅಳಿಸಿದೆ. ಜೀವಮಾನದಲ್ಲಿ ಒಬ್ಬರಿಗಾಗಿ ಒಂದು ಒಳ್ಳೆಯ ಸುಳ್ಳು ಮಾಡಲು ಹೊರಟಿದ್ದೆ, ಅದೂ ಬೇಕಾಗಲಿಲ್ಲ.

ಆಕೆ ರಸ್ತೆ ದಾಟಿ ಕಚೇರಿಗೆ ಬಂದಳು. ಮೊದಲ ಸಲ ಬಂದದ್ದು. ಸುಬ್ಬಯ್ಯ ಕುರ್ಚಿ ಕೊಟ್ಟು ಹೊರಗೆ ಹೋದ. ಕೂತು, ಒಂದು ಲೋಟ ನೀರು ಗಟಗಟ ಕುಡಿದು, ಆಮೇಲೆ ಅತ್ತಳು. ಅಳು ಮುಗಿದ ಮೇಲೆ ಮುಖ ಒರೆಸಿಕೊಂಡು "ಬದುಕಿದಾನೆ ಭಂಡ" ಅಂದಳು. ಅಲ್ಲಿಯವರೆಗೆ ಅವ್ರು ಆಗಿದ್ದವನು ಆ ಒಂದು ಲೋಟ ನೀರಿನಲ್ಲಿ ಅವನಾದ.

"ಹೂಂ, ಅವರೇ" ಅಂದೆ.

"ಇಷ್ಟು ವರ್ಷಕ್ಕೆ ಒಂದು ಕಾಗದ ಇಲ್ಲ, ಫೋನಿಲ್ಲ. ಈಗ ಮಿಷಿನ್ ಕೈಲಿ ನೆನೆಸ್ಕೊತಾನೆ. ತಾನು ಎಲ್ಲೋ ಉಂಡು ಮಲಗಿರ್ತಾನೆ, ಮಿಷಿನ್ ನನ್ನ ಪ್ರಾಣ ಹಿಂಡುತ್ತೆ. ಮಿಷಿನ್ ಕೈಲಿ ನೆನೆಸ್ಕೊಳ್ಳೋದೂ ಒಂದು ನೆನಪೇನ್ರೀ?" ಅಂದವಳು ತಟ್ಟನೆ ನನ್ನ ಮುಖ ನೋಡಿ, "ನಿಮ್ಮನ್ನಂದಿದ್ದಲ್ಲ ಪಿಳ್ಳಪ್ಪನೋರೆ. ನಿಮ್ದು ಡ್ಯೂಟಿ" ಅಂದಳು.

ಸಮಾಧಾನ ಮಾಡುವುದಕ್ಕೆ ಹೇಳಿದ ಮಾತು. ಮೊದಲಿನದಕ್ಕಿಂತ ಅದೇ ಹೆಚ್ಚು ಚುಚ್ಚಿತು.

"ಈಗ ಹಾಕಿ ಬಾಗಿಲು" ಅಂದಳು. ನಾನು ಅಳಿಸಿದ್ದ ಸಾಲನ್ನು ಮತ್ತೆ ಬರೆದೆ. ಆಕೆ ನನ್ನ ಹೆಗಲ ಹಿಂದೆ ನಿಂತು ನೋಡಿದಳು. ಎಂಟರ್ ಒತ್ತಿದೆ. ಕೋನಪ್ಪನ ನಂಬರು ಇನ್ನೊಮ್ಮೆ ಬಂದು, ಬಾಗಿಲು ತೆರೆಯದೆ, ಮತ್ತೆ ಬಂದು, ಮತ್ತೆ ಬಂದು, ಹಾಗೇ ತಟ್ಟುತ್ತಿತ್ತು. ಆಕೆ ಅದನ್ನು ಸ್ವಲ್ಪ ಹೊತ್ತು ನೋಡಿ "ತಟ್ಲಿ" ಅಂದು ಹೋದಳು. ಸಂಜೆಯಿಂದ ಮಿಲ್ಲಿನ ಸದ್ದು ಶುರುವಾಯಿತು.

ಆಮೇಲೆ ಬಹಳ ದಿನ ನನ್ನ ತಲೆಯಲ್ಲಿ ಆಕೆಯ ಆ ಮಿಷಿನ್ ನೆನಪಿನ ಮಾತೇ. ನಾನು ಇಷ್ಟು ವರ್ಷ ಆಕೆಯ ಪುಟವನ್ನು ದಿನಾ ತರಿಸಿದ್ದೆ, ಒಂದು ದಿನವೂ ತೆರೆದಿರಲಿಲ್ಲ. ಈ ಕೆಲಸದಲ್ಲಿರುವವರು ಯಾರ ಪುಟವನ್ನೂ ಕೈಯಲ್ಲಿ ತೆರೆಯಬಾರದು ಅಂತ ನಮ್ಮಲ್ಲಿ ಒಂದು ಕಟ್ಟಳೆ. ಎಡೆಗೆ ಅಡುಗೆ ಮಾಡುವವರು ಸಾರಿನ ಉಪ್ಪು ನೋಡುವುದಿಲ್ಲವಲ್ಲ, ಹಾಗೆ. ನಾನು ಆ ಕಟ್ಟಳೆ ಮೀರಿದವನಲ್ಲ. ಮೀರುವ ಧೈರ್ಯವಿರಲಿಲ್ಲ ಅಂದರೂ ಸರಿ. ತೆರೆದರೆ ಆಕೆ ಬಿಕ್ಕಳಿಸುತ್ತಾಳೆ. ಊಹಿಸಿ ನನ್ನ ಹೆಸರು ಹೇಳಿದರೆ ಏನು ಗತಿ? ಹೇಳದಿದ್ದರೆ ಇನ್ನೇನು ಗತಿ?

ಒಂದು ದಿನ ಬೆಳಗಿನ ಕೆಲಸ ಮುಗಿದು ಸುಮ್ಮನೆ ಕೂತಿದ್ದೆ. ಸ್ಕ್ರಿಪ್ಟಿನ ಹೊತ್ತಾಗಿರಲಿಲ್ಲ. ಕಿಟಕಿಯಾಚೆ ಮಿಲ್ಲು ಗುಂಯ್ ಅನ್ನುತ್ತಿತ್ತು. ಕಪ್ಪು ಪರದೆ ಮುಚ್ಚಿ, ಬೇರೆಯವರೆಲ್ಲ ತೆರೆಯುವ ಹಾಗೆ, ಆಕೆಯ ವಿಳಾಸವನ್ನು ಬೆರಳಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಪುಟ ತೆರೆದೆ. ಎರಡು ಜಡೆ ಹಾಕಿಕೊಂಡ ಹಳೆಯ ಫೋಟೋ, ಯಾರ ಮೇಲೋ ಸಿಟ್ಟಿನಲ್ಲಿದ್ದ ಹಾಗೆ ಮುಖ. ಕಸುಬು, ರಾಗಿ ಮಿಲ್ಲು. ನೋಡುತ್ತಲೇ ಇದ್ದೆ. ನನ್ನ ಕಣ್ಣು ಯಾಕೆ ಒದ್ದೆಯಾಯಿತೋ ಗೊತ್ತಿಲ್ಲ.

ಮಿಲ್ಲಿನ ಸದ್ದು ನಿಂತಿತು.

"ಬಂತು ಕಣ್ರೇ, ಮತ್ತೆ ಬಂತು!" ಅಂಜಿನಮ್ಮನ ಗಂಟಲು ಕಚೇರಿಯವರೆಗೆ ಕೇಳಿಸಿತು. ಪುಟ ಮುಚ್ಚಿದೆ. ಇದು ನಂಬರಿಗೆ ಬಾಗಿಲು ಹಾಕಿದ ಹಾಗಲ್ಲ, ಬರಿಯ ಪುಟ ಮುಚ್ಚಿದರೆ ನಿಲ್ಲುವುದಿಲ್ಲ, ಅದು ನನಗೆ ಗೊತ್ತಿರುವ ವಿಷಯವೇ. ಏನು ಮಾಡಬೇಕೋ ತೋಚದೆ, ಮೂಲೆಯಲ್ಲಿದ್ದ ಖಾಲಿ ಡಬ್ಬ ಎತ್ತಿಕೊಂಡು ರಸ್ತೆ ದಾಟಿದೆ.

"ಬಂದ್ರು ನೋಡಿ ಲಾಗ್ ನೋಡೋರು" ಅಂದಳು ಅಂಜಿನಮ್ಮ. "ಯಾರ್ರೀ ಅದು, ಆ ಭಂಡಾನೇನಾ ಮತ್ತೆ?"

"ಅಲ್ಲ" ಅಂದೆ. "ಊರೊಳಗಿನೋರೇ."

ಹೆಂಗಸರೆಲ್ಲ ಓ ಅಂದು ನಕ್ಕರು. ಮುನಿರತ್ನಮ್ಮ ರೆಪ್ಪೆಯ ಮೇಲೆಲ್ಲ ಹಿಟ್ಟು ಕೂರಿಸಿಕೊಂಡು ನನ್ನನ್ನೇ ನೋಡಿದಳು, ನನ್ನ ಕೈಯ ಖಾಲಿ ಡಬ್ಬವನ್ನು ನೋಡಿದಳು. "ಮಿಷಿನ್ನಾ, ಕೈಯಲ್ಲಾ?" ಅಂತ ಕೇಳಿದಳು.

"ಕೈಯಲ್ಲಿ."

ಆಕೆ ಹೆಸರು ಹೇಳಲು ಶುರುಮಾಡಿದಳು. ಮೊದಲಿಗೇ ಕೋನಪ್ಪ ಅಂದಳು, ಸೊಪ್ಪಿನ ಹೆಸರು ಹೇಳುವಷ್ಟು ಸಲೀಸಾಗಿ. ನಿಲ್ಲಲಿಲ್ಲ. 'ಅಂಜಿನಮ್ಮ' ಅಂದಳು, ಎದುರಿಗೇ ಇದ್ದ ಅಂಜಿನಮ್ಮ ಹಣೆ ಬಡಿದುಕೊಂಡಳು. ಗಾಣಿಗರ ಬೀದಿಯಿಂದ ಹಿಡಿದು ಮನೆ ಮನೆಯಾಗಿ, ಬಿಕ್ಕಳಿಕೆಯ ನಡುನಡುವೆ, ಅವಸರವಿಲ್ಲದೆ ಹೇಳುತ್ತ ಬಂದಳು. ಕ್ಷೌರದವನು, ಡಾಕ್ಟರು, ಪುರೋಹಿತರು. ಕಚೇರಿಯ ಸರದಿ ಬಂತು. ಅಧ್ಯಕ್ಷರ ಹೆಸರು ಹೇಳಿದಳು, ಸುಬ್ಬಯ್ಯನ ಹೆಸರು ಹೇಳಿದಳು, ಗೇಟು ಕಾಯುವವನ ಹೆಸರನ್ನೂ ಹೇಳಿದಳು. ಹೇಳಿ ಒಂದು ಉಸಿರು ನಿಂತಳು. ಆಮೇಲೆ ಮುಂದಿನ ಬೀದಿಗೆ ಹೋದಳು.

ಬಿಸಿಲು ನೆತ್ತಿಗೆ ಬಂತು. ನಾನು ಹೋಗಿ ಎಂಟರ್ ಒತ್ತುವ ಹೊತ್ತಾಗಿತ್ತು. ಒತ್ತಿದರೆ ಸರ್ಕಾರಿ ಬಿಕ್ಕಳಿಕೆ ಈ ಬೀದಿಗೂ ಬರುತ್ತದೆ, ಎಲ್ಲರ ಜೊತೆ ಆಕೆಯೂ ನನ್ನ ಹೆಸರು ಹೇಳಲೇಬೇಕಾಗುತ್ತದೆ, ಎರಡೂ ಒಟ್ಟಿಗೆ ನಿಂತುಹೋಗುತ್ತವೆ. ಯಾವುದಕ್ಕೆ ಯಾವುದು ನಿಂತಿತು ಅಂತ ಯಾರಿಗೂ ತಿಳಿಯುವುದಿಲ್ಲ.

"ಏನ್ರೀ" ಅಂದಳು ಮುನಿರತ್ನಮ್ಮ, ಬಿಕ್ಕಳಿಸುತ್ತ. "ಹೊತ್ತಾಯ್ತು. ಹೋಗಲ್ವಾ?"

"ಹೋಗ್ತೀನಿ" ಅಂದೆ.

ಹೋಗಲಿಲ್ಲ. ಡಬ್ಬ ಹಿಡಿದುಕೊಂಡು ಅಲ್ಲೇ ನಿಂತೆ. ಆಕೆ ಊರಿನ ಕೊನೆಯ ಬೀದಿಯ ಕೊನೆಯ ಮನೆಯವರೆಗೂ ಎಲ್ಲರ ಹೆಸರನ್ನೂ ಹೇಳಿದಳು, ನನ್ನದೊಂದನ್ನು ಬಿಟ್ಟು. ಆವತ್ತು ಊರೆಲ್ಲ ಅನ್ನ ಬಡಿಸಿಕೊಂಡು ಬಿಕ್ಕಳಿಕೆಗೆ ಕಾದು ಕೂತಿತ್ತು.